ಅಕ್ಕನಿಗೆ ಕೊಟ್ಟ ಓಲೆಬೆಲ್ಲ

ಅಕ್ಕನ ಬಲಗೈಯ ಮೇಲೆ, ಮಣಿಕಟ್ಟಿನಿಂದ ಮೊಣಕೈಯವರೆಗೆ, ಅಕ್ಕಿ ಚೆಲ್ಲಿದ ಹಾಗೆ ಬಿಳಿ ಕಲೆಗಳಿವೆ. ಕುದಿಯುವ ಬೆಲ್ಲ ಹಾರಿ ಬಿದ್ದು ಆದ ಕಲೆಗಳು. ತಾಳೆಮರದ ರಸ ಪಾಕಕ್ಕೆ ಬರುವ ಹೊತ್ತಿಗೆ ಬಾಣಲೆಯಲ್ಲಿ ದೊಡ್ಡ ಗುಳ್ಳೆಗಳೆದ್ದು ಒಡೆಯುತ್ತವೆ. ಆಗ ಸೌಟು ಬಿಟ್ಟು ಹಿಂದೆ ಸರಿದರೆ ತಳ ಹಿಡಿಯುತ್ತದೆ. ಅಕ್ಕ ಸರಿಯುತ್ತಿರಲಿಲ್ಲ. ಹೆಣ್ಣು ನೋಡಲು ಬಂದ ಒಬ್ಬ ಹೆಂಗಸು ಆ ಕಲೆಗಳನ್ನು ಕಂಡು, ತೊನ್ನು ಇರಬಹುದೇ ಎಂದು ಪಕ್ಕದವರನ್ನು ಮೆಲ್ಲ ಕೇಳಿದ್ದರು. ಅಕ್ಕನಿಗೆ ಕೇಳಿಸಿತು.

"ತೊನ್ನಲ್ಲ, ಬೆಲ್ಲ. ಬೇಕಾದರೆ ನೆಕ್ಕಿ ನೋಡಿ" ಎಂದು ಕೈಯನ್ನೇ ಮುಂದೆ ಚಾಚಿದಳು.

ಆ ಸಂಬಂಧ ಆಗಲಿಲ್ಲ. ಅಪ್ಪ ಬೈದರು. ಅಕ್ಕ ಮಾತ್ರ ಆ ದಿನವಿಡೀ ನಗುತ್ತಿದ್ದಳು.

ನಮ್ಮ ಮನೆ ಕಾಪುವಿನ ಪೇಟೆಯಿಂದ ಸ್ವಲ್ಪ ಒಳಗೆ. ಅಪ್ಪ ತಾಳೆಮರ ಹತ್ತಿ ರಸ ಇಳಿಸುವುದು, ಅಮ್ಮ ಕುದಿಸುವುದು, ಇದೇ ನಮ್ಮ ಬದುಕು. ಅಮ್ಮ ತೀರಿಕೊಂಡಾಗ ನಾನು ತೀರಾ ಚಿಕ್ಕವ. ಅಕ್ಕ ಶಾಲೆ ಬಿಟ್ಟು ಸೌಟು ಹಿಡಿದಳು. ಬೆಳಿಗ್ಗೆ ನನ್ನನ್ನು ಮೀಯಿಸಿ, ತಲೆ ಬಾಚಿ ಶಾಲೆಗೆ ಕಳಿಸಿ, ಆಮೇಲೆ ಒಲೆಯ ಮುಂದೆ ಕೂರುತ್ತಿದ್ದಳು. ಆರನೆಯ ಕ್ಲಾಸಿನಲ್ಲಿ ನಾನು ಶಾಲೆ ಬಿಟ್ಟು ಅಪ್ಪನ ಜೊತೆ ಮರ ಹತ್ತಲು ಹೋದಾಗ ಅವಳು ಎಷ್ಟೋ ದಿನ ನನ್ನೊಡನೆ ಮಾತನಾಡಲಿಲ್ಲ. ಊಟ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. "ನಾನು ಬಿಟ್ಟದ್ದು ಸಾಕಾಗಲಿಲ್ವಾ ಈ ಮನೆಗೆ?" ಎಂದು ಒಮ್ಮೆ ಗೋಡೆಗೆ ಹೇಳುವ ಹಾಗೆ ಹೇಳಿದಳು, ಅಷ್ಟೇ.

ಓಲೆಬೆಲ್ಲ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಾಳೆಮರದ ಸಿಹಿ ರಸ ಹುಳಿಯಾಗದ ಹಾಗೆ ಮಡಕೆಯ ಒಳಗೆ ಸುಣ್ಣ ಬಳಿದು ಇಳಿಸಬೇಕು. ಅದನ್ನು ಗಟ್ಟಿಯಾಗುವವರೆಗೆ ಕುದಿಸಿ, ತಾಳೆಗರಿಯನ್ನು ಬಳೆಯ ಹಾಗೆ ಸುತ್ತಿ ಇಟ್ಟು, ಅದರೊಳಗೆ ಹೊಯ್ಯಬೇಕು. ಸುಣ್ಣ ಬಿಟ್ಟರೆ ರಸಕ್ಕೆ ಬೇರೇನೂ ಸೇರಬಾರದು ಎಂಬುದು ಅಪ್ಪನ ಕಟ್ಟುನಿಟ್ಟು. ಅಕ್ಕನಿಗೆ ಆ ಕೆಲಸ ಎಷ್ಟು ಒಗ್ಗಿತ್ತೆಂದರೆ, ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಾ ಇದ್ದವಳು ಗಾಳಿಯಲ್ಲಿ ವಾಸನೆ ಹಿಡಿದು, "ಇಳಿಸು ಮಾರಾಯ, ಆಯಿತು!" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. "ಬೆಲ್ಲಕ್ಕೆ ಕಣ್ಣು ಬೇಡ, ಮೂಗು ಬೇಕು" ಎನ್ನುತ್ತಿದ್ದಳು.

ನಮ್ಮ ಕಡೆ ಓಲೆಬೆಲ್ಲ ತಂಪು ಎಂದು ಎಲ್ಲರ ನಂಬಿಕೆ. ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಒಂದು ತುಂಡು ಕೊಡುತ್ತೇವೆ, ಬಾಣಂತಿಗೆ ಕೊಡುತ್ತೇವೆ. ಸಕ್ಕರೆ ಕಾಯಿಲೆಯವರಿಗೂ ಇದರಿಂದ ತೊಂದರೆಯಿಲ್ಲ ಎಂದು ಅಪ್ಪ ಹೇಳುತ್ತಿದ್ದರು, ಕೊಳ್ಳಲು ಬಂದವರೂ ಹೇಳುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನಾನೂ ಅದನ್ನೇ ಹೇಳಿ ಮಾರುತ್ತಿದ್ದೆ.

ಅಕ್ಕನಿಗೆ ಕಾರ್ಕಳದ ಕಡೆ ಮದುವೆಯಾಯಿತು. ಬಾವ ಗಲ್ಫಿನಲ್ಲಿ ಲಾರಿ ಓಡಿಸುವವರು, ಒಳ್ಳೆಯವರು. ಮಕ್ಕಳು ಮಾತ್ರ ಆಗಲಿಲ್ಲ. ವರ್ಷಗಳು ಹೋದವು. ಅಕ್ಕ ಬೇರೆಯವರ ಬಯಕೆ ಮದುವೆಗಳಿಗೆ, ಎಂದರೆ ಸೀಮಂತಗಳಿಗೆ, ಹೋಗಿ ಮೊದಲ ಸಾಲಿನಲ್ಲಿ ಕೂತು ಹಾಡಿ ಬರುತ್ತಿದ್ದಳು. ಅವಳನ್ನು ಕರೆಯಲು ಮುಜುಗರಪಟ್ಟವರ ಮನೆಗೆ ಕರೆಯದೆಯೇ ಹೋಗುತ್ತಿದ್ದಳು. "ಅವರಿಗೆ ಮುಜುಗರ ಆಗ್ತದಲ್ಲ ಪಾಪ, ನಾನೇ ಹೋಗಿ ತೆಗೆದುಬಿಡುವುದು" ಎನ್ನುವಳು. ನಲವತ್ತು ಹತ್ತಿರವಾದಾಗ, ಎಲ್ಲರೂ ಆಸೆ ಬಿಟ್ಟ ಮೇಲೆ, ಅವಳು ಬಸುರಿಯಾದಳು.

ವಯಸ್ಸಾದ ಬಸಿರೆಂದು ಮಣಿಪಾಲಕ್ಕೆ ತೋರಿಸಲು ಹೋಗುತ್ತಿದ್ದಳು. ಒಂದು ದಿನ ಅಲ್ಲಿಂದ ಫೋನ್ ಮಾಡಿದಳು. ಒಂದು ದೊಡ್ಡ ಲೋಟ ಸಕ್ಕರೆನೀರು ಕುಡಿಸಿ ರಕ್ತ ತೆಗೆದಿದ್ದರಂತೆ.

"ಮಗು ಹುಟ್ಟಿದ ಮೇಲೆ ಊರಿಗೆ ಸಕ್ಕರೆ ಹಂಚ್ತಾರೆ ಅಲ್ವಾ? ಇಲ್ಲಿ ಮೊದಲೇ ಹಂಚಿದರು, ನನಗೊಬ್ಬಳಿಗೇ" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, "ಸಕ್ಕರೆ ಉಂಟಂತೆ ತಮ್ಮ, ರಕ್ತದಲ್ಲಿ. ಬಸಿರಿನದ್ದು" ಎಂದಳು.

ಏಳನೆಯ ತಿಂಗಳಲ್ಲಿ ಕಾರ್ಕಳದ ಮನೆಯಲ್ಲಿ ಅವಳ ಬಯಕೆ ನಡೆಯಿತು. ಹಸಿರು ಸೀರೆ, ತಲೆ ತುಂಬ ಮಲ್ಲಿಗೆ, ಎದುರಿಗೆ ತಟ್ಟೆ ತಟ್ಟೆ ಸಿಹಿ. ಇಷ್ಟು ವರ್ಷ ಬೇರೆಯವರ ತಟ್ಟೆ ನೋಡಿದವಳು ತನ್ನ ತಟ್ಟೆಯ ಒಂದೊಂದು ತಿಂಡಿಯನ್ನೂ ಬೆರಳಿನಿಂದ ಮುಟ್ಟಿ ಪಕ್ಕದಲ್ಲಿದ್ದ ಮಕ್ಕಳಿಗೆ ದಾಟಿಸಿದಳು. ಮುದುಕಿಯರು ಗೊಣಗಿದರು, ಬಸುರಿ ಸಿಹಿ ತಿನ್ನದಿದ್ದರೆ ಹೇಗೆ ಎಂದರು. ಅವಳು ಒಂದು ಉದ್ದಿನ ವಡೆ ಅರ್ಧ ತಿಂದು ಎದ್ದಳು. ಪದ್ಧತಿಯಂತೆ ಅವಳನ್ನು ತವರಿಗೆ ಕರೆದುಕೊಂಡು ಬರುವ ಭಾಗ್ಯ ನನ್ನದಾಯಿತು. ಅಪ್ಪನೂ ಆಗ ಇರಲಿಲ್ಲ. ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ.

ಅವಳ ಶಿಸ್ತು ನೋಡಿ ನನ್ನ ಹೆಂಡತಿ ಬೆರಗಾದಳು. ಕುಚ್ಚಲಕ್ಕಿ ಗಂಜಿ ಒಂದೇ ಬಟ್ಟಲು. ತೊಂಡೆಕಾಯಿ, ಬಸಳೆ, ಮೀನು. ಊಟವಾದ ಮೇಲೆ ಅಂಗಳದಲ್ಲಿ ನಡಿಗೆ. ಬೆರಳು ಚುಚ್ಚಿ ಸಣ್ಣ ಯಂತ್ರದಲ್ಲಿ ರಕ್ತ ನೋಡಿಕೊಳ್ಳುವುದು, ಹೊಟ್ಟೆಯ ಚರ್ಮ ಹಿಡಿದು ಇನ್ಸುಲಿನ್ ಸೂಜಿ ತಾನೇ ಹಾಕಿಕೊಳ್ಳುವುದು. ನಾನು ಮುಖ ತಿರುಗಿಸಿದರೆ, "ಮೂವತ್ತಡಿ ಮರ ಹತ್ತುವವನಿಗೆ ಇಷ್ಟು ಸೂಜಿಗೆ ಹೆದರಿಕೆಯಾ?" ಎಂದು ಹಂಗಿಸುತ್ತಿದ್ದಳು. ಬಾವ ಫೋನಿನಲ್ಲಿ ಮುಖ ತೋರಿಸಿ "ಎಂತ ತಿಂದೆ?" ಎಂದು ಕೇಳಿದರೆ ಫೋನನ್ನೇ ತಟ್ಟೆಯ ಮೇಲೆ ತಿರುಗಿಸುತ್ತಿದ್ದಳು.

ಒಂದು ದಿನ ನಾನು ಕೇಳಿದೆ, "ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದ ಸಕ್ಕರೆ ಕಾಯಿಲೆ ಬಸಿರಿಗೆ ಯಾಕೆ ಬರಬೇಕು?" ಡಾಕ್ಟರಮ್ಮ ಅವಳಿಗೆ ಚಿತ್ರ ಬರೆದು ತೋರಿಸಿದ್ದರಂತೆ. ಹೊಟ್ಟೆಯ ಹಿಂದೆ ಒಂದು ಗ್ರಂಥಿ, ಅದರಲ್ಲಿ ಇನ್ಸುಲಿನ್ ಮಾಡುವ ಸಣ್ಣ ಸಣ್ಣ ಕೋಶಗಳು. ಮಗು ಬೆಳೆಯುತ್ತಾ ಹೋದ ಹಾಗೆ ಅದನ್ನು ಪೋಷಿಸುವ ಮಾಸಿನಿಂದ ಹಾರ್ಮೋನುಗಳು ಬರುತ್ತವೆ. ಮಗುವಿಗೆ ಸಾಕಷ್ಟು ಸಿಗಲಿ ಎಂದು ಅವು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಹಾಗೆಯೇ, ನಿಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳಿ, ಹೆಚ್ಚು ದುಡಿಯಿರಿ ಎಂದು ಆ ಕೋಶಗಳಿಗೆ ಹೇಳಿ ಕಳಿಸುವುದೂ ಹಾರ್ಮೋನುಗಳೇ. ಹೆಚ್ಚಿನವರಲ್ಲಿ ಕೋಶಗಳು ಮಾತು ಕೇಳುತ್ತವೆ. ಕೆಲವರಲ್ಲಿ ಅವುಗಳ ಕೈಯಲ್ಲಿ ಆಗುವುದಿಲ್ಲ. ನಾನು ಬಾಯಿ ಬಿಟ್ಟುಕೊಂಡು ಕೂತದ್ದನ್ನು ನೋಡಿ ಅಕ್ಕ ಬೇರೆ ರೀತಿಯಲ್ಲಿ ಹೇಳಿದಳು.

"ಎಲ್ಲ ಮರ ಒಟ್ಟಿಗೆ ಸುರಿಯುವಾಗ ಅಪ್ಪ ಎಂತ ಮಾಡ್ತಿದ್ದರು? ಮರ ಹತ್ತಲಿಕ್ಕೆ ಇನ್ನೂ ಇಬ್ಬರಿಗೆ ಹೇಳಿ ಕಳಿಸ್ತಿದ್ದರು ಅಲ್ವಾ? ಹಾಗೆ ನನ್ನ ಒಳಗೂ ಹೇಳಿ ಕಳಿಸಿ ಆಗಿದೆ. ಜನ ಬರಲಿಲ್ಲ, ಅಷ್ಟೇ. ಇದ್ದವರೇ ಏದುಸಿರು ಬಿಡ್ತಾ ಹತ್ತುತ್ತಾ ಇದ್ದಾರೆ. ಈ ಸೂಜಿ ಹೊರಗಿನಿಂದ ಕರೆಸಿದ ಆಳು."

"ಹೆರಿಗೆ ಆದ ಮೇಲೆ?"

"ಮಾಸು ಹೊರಗೆ ಬಿದ್ದರೆ ಸೀಸನ್ ಮುಗಿಯಿತು. ಮತ್ತೆ ಎಲ್ಲ ಮೊದಲಿನ ಹಾಗೆ. ಅಲ್ಲಿಯವರೆಗೆ ಮಗುವಿಗೆ ಸಕ್ಕರೆ ಹೆಚ್ಚು ಹೋಗದ ಹಾಗೆ ನೋಡಿಕೊಳ್ಳಬೇಕು. ಅದೊಂದೇ ಕೆಲಸ ನನಗೆ."

ಅದೊಂದೇ ಕೆಲಸ ಎಂದಿದ್ದಳು. ಅದನ್ನು ಕೆಡಿಸಿದವನು ನಾನು.

ಆ ವರ್ಷ ರಸ ಕಡಿಮೆ ಬಂದಿತ್ತು. ಒಳ್ಳೆಯ ಮರಗಳೆರಡು ರಸ್ತೆ ಅಗಲ ಮಾಡುವಾಗ ಹೋಗಿದ್ದವು. ಕೇಳುವವರು ಮಾತ್ರ ಹೆಚ್ಚಾಗಿದ್ದರು. ಉಡುಪಿಯ ಅಂಗಡಿಗಳಿಂದ ಫೋನ್, ಕಲ್ಯಾಣಪುರದ ಮದುವೆಮನೆಯಿಂದ ಫೋನ್. ಇಲ್ಲ ಎಂದರೆ ಬೇರೆ ಕಡೆ ಹೋಗುತ್ತಾರೆ ಎಂಬ ಹೆದರಿಕೆಯಿಂದ ಕುದಿಯುವ ರಸಕ್ಕೆ ಅಂಗಡಿಯ ಸಕ್ಕರೆ ಸುರಿದೆ. ಮೊದಲು ಒಂದು ಹಿಡಿ, ಆಮೇಲೆ ಕೈ ಧಾರಾಳವಾಯಿತು. ಬಣ್ಣ ತುಸು ತಿಳಿಯಾಯಿತು, ಕೊಂಡವರು ಅದನ್ನೇ ಹೊಗಳಿದರು. ಹೆಂಡತಿ ಒಂದೇ ಸಲ ಹೇಳಿದಳು: "ಅಕ್ಕನಿಗೆ ಗೊತ್ತಾದರೆ?" ಅಕ್ಕನಿಗೆ ಗೊತ್ತಾಗದ ಹಾಗೆ ನಾನು ನೋಡಿಕೊಂಡೆ. ಅವಳು ಒಲೆಯ ಚಪ್ಪರದ ಕಡೆ ಹೆಜ್ಜೆ ಹಾಕಿದರೆ, "ಬಸುರಿಗೆ ಹೊಗೆ ಆಗುವುದಿಲ್ಲ" ಎಂದು ತಡೆಯುತ್ತಿದ್ದೆ. ಅವಳಿಗೆ ಅದು ಕಾಳಜಿಯ ಹಾಗೆ ಕಂಡಿರಬೇಕು. "ನೋಡು, ತಮ್ಮ ದೊಡ್ಡವನಾದ" ಎಂದು ನನ್ನ ಹೆಂಡತಿಗೆ ಹೇಳಿದ್ದಳು.

ಒಂದು ಸಂಜೆ ಅಂಗಳದಲ್ಲಿ ನಡೆಯುತ್ತಿದ್ದವಳು ನಿಂತಳು. ನಾನು ಜಗಲಿಯಲ್ಲಿ ಬೆಲ್ಲ ಕಟ್ಟುತ್ತಿದ್ದೆ. ಗಾಳಿ ಅವಳ ಕಡೆಗೇ ಬೀಸುತ್ತಿತ್ತು.

"ಇದು ಆಗ್ತದಾ ನನಗೆ?" ಎಂದಳು. ಸಣ್ಣ ಹುಡುಗಿ ಕೇಳಿದ ಹಾಗೆ ಇತ್ತು. "ಡಾಕ್ಟರ್ ಬೆಲ್ಲ ಬೇಡ ಅಂದಿದ್ದಾರೆ. ಓಲೆಬೆಲ್ಲ ಅಂತ ನಾನು ಕೇಳಲಿಲ್ಲ. ನೀನು ಮಾಡುವವ, ನಿನಗೆ ಗೊತ್ತುಂಟಲ್ಲ."

ಆ ಕ್ಷಣ ನನ್ನ ಮುಂದೆ ಎರಡು ದಾರಿ ಇದ್ದವು. ಇದರಲ್ಲಿ ಸಕ್ಕರೆ ಹಾಕಿದ್ದೇನೆ ಅಕ್ಕ, ಮುಟ್ಟಬೇಡ ಎನ್ನಬಹುದಿತ್ತು. ಹಾಗೆ ಹೇಳಿದರೆ ಅಪ್ಪನ ಮಾತು ಮುರಿದದ್ದು ಅವಳೆದುರು ಹೊರಗೆ ಬೀಳುತ್ತಿತ್ತು. ಸುಮ್ಮನೆ ಬೇಡ ಎಂದರೆ, ಮತ್ತೆ ಊರಿಗೆಲ್ಲ ಆಗುತ್ತದೆ ಎಂದು ಹೇಗೆ ಮಾರುತ್ತೀ ಎಂದು ಅವಳು ಕೇಳುತ್ತಿದ್ದಳು.

"ಆಗ್ತದೆ. ಇದು ಮರದ್ದು, ತಂಪು. ಸಕ್ಕರೆಯ ಲೆಕ್ಕಕ್ಕೆ ಬರುವುದಿಲ್ಲ" ಎಂದು ಒಂದು ತುಂಡು ಮುರಿದು ಕೊಟ್ಟೆ.

ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಚೀಪಿದಳು. ಆಮೇಲೆ ಕಣ್ಣು ಬಿಟ್ಟು ನನ್ನನ್ನು ನೋಡಿ, "ಇದು ಬೇರೆ ಮರದ್ದಾ?" ಎಂದಳು.

"ಹೌದು. ಹೊಸ ಮರ."

"ಹಾಗಾ" ಎಂದು ನಡಿಗೆ ಮುಂದುವರಿಸಿದಳು. ಮರುದಿನದಿಂದ ಅವಳು ಕೇಳದಿದ್ದರೂ ಸಂಜೆಗೊಂದು ತುಂಡು ನಾನೇ ಕೊಂಡುಹೋಗಿ ಕೊಡುತ್ತಿದ್ದೆ. ಕೊಡದಿದ್ದರೆ ಸಂಶಯ ಬರಬಹುದೆಂದು ಕೊಡುತ್ತಿದ್ದೆ. ಇಂಥ ಮನುಷ್ಯ ನಾನು.

ಬೆರಳಿನ ರಕ್ತದ ಲೆಕ್ಕ ಏರಿತು. ಅಕ್ಕ ಗಂಜಿ ಇನ್ನೂ ಕಡಿಮೆ ಮಾಡಿದಳು. ಹೊಟ್ಟೆ ಹೊತ್ತುಕೊಂಡು ಇನ್ನೂ ಹೆಚ್ಚು ನಡೆದಳು. ಹಸಿವಿನಿಂದ ಅವಳ ಮುಖ ಬಾಡುವುದನ್ನು ನೋಡುತ್ತಾ, ಸಂಜೆ ಅದೇ ಕೈಯಿಂದ ನಾನು ಬೆಲ್ಲ ಕೊಟ್ಟೆ.

ಮಣಿಪಾಲಕ್ಕೆ ನಾನೇ ಕರೆದುಕೊಂಡು ಹೋದೆ. ಡಾಕ್ಟರಮ್ಮ ಹೆಬ್ರಿ ಕಡೆಯವರು, ನಮ್ಮ ಹಾಗೆಯೇ ಮಾತನಾಡುವವರು. ಮಗು ವಾರಕ್ಕೆ ತಕ್ಕದ್ದಕ್ಕಿಂತ ದೊಡ್ಡದಾಗಿದೆ ಎಂದರು. ಏನೇನು ತಿನ್ನುತ್ತೀರಿ ಎಂದು ಒಂದೊಂದಾಗಿ ಕೇಳುತ್ತಾ ಬಂದರು. ಅಕ್ಕ ಎಲ್ಲ ಹೇಳಿ, ಕೊನೆಗೆ, "ಸಂಜೆ ಸ್ವಲ್ಪ ಓಲೆಬೆಲ್ಲ. ಅದು ಸಕ್ಕರೆ ಅಲ್ವಲ್ಲ ಮೇಡಂ" ಎಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಯಾರು ಹೇಳಿದ್ದು ಸಕ್ಕರೆ ಅಲ್ಲ ಅಂತ? ಮರದಿಂದ ಬಂದರೆ ಎಂತ, ಅಂಗಡಿಯಿಂದ ಬಂದರೆ ಎಂತ? ರಕ್ತಕ್ಕೆ ಹೋದ ಮೇಲೆ ಎಲ್ಲ ಒಂದೇ ಅಲ್ವಾ? ಇಷ್ಟು ವರ್ಷ ಕಾದು ಆದ ಮಗು. ನಿಮಗೆ ನಾಲಿಗೆಯೇ ಹೆಚ್ಚಾಯಿತಾ?"

ನಾನು ಅವಳ ಕುರ್ಚಿಯ ಹಿಂದೆ ನಿಂತಿದ್ದೆ. ಡಾಕ್ಟರಮ್ಮ ನನ್ನ ಕಡೆ ನೋಡಿದರು. "ಮನೆಯಲ್ಲಿ ನೀವೆಲ್ಲ ನೋಡ್ತಾ ಇರಲಿಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು, "ಇವನದ್ದೆಂತ ಇಲ್ಲ ಮೇಡಂ. ಬೇಡ ಅಂತಲೇ ಹೇಳಿದ್ದ. ನಾನೇ ಆಸೆಯಿಂದ ತಿಂದದ್ದು."

ಬಾಯಿ ತೆರೆಯುವ ಮೊದಲೇ ಎಂದು ಬರೆದೆ. ತೆರೆಯುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳು ಹೇಳಿದ ಮೇಲಂತೂ ತೆರೆಯಲಿಲ್ಲ. ಅವಳು ತಲೆ ತಗ್ಗಿಸಿ ಬೈಗುಳ ಕೇಳಿದಳು, ನಾನು ಗೋಡೆಯ ಮೇಲಿದ್ದ ಮಗುವಿನ ಚಿತ್ರ ನೋಡುತ್ತಾ ನಿಂತೆ. ಇನ್ಸುಲಿನ್ ಹೆಚ್ಚಿಸಿದರು. ಆ ದಿನದಿಂದ ಬೆಲ್ಲ ನಿಂತಿತು. ಲೆಕ್ಕ ಇಳಿಯಿತು, ಆದರೆ ಪೂರ್ತಿ ಇಳಿಯಲಿಲ್ಲ.

ಮಗುವನ್ನು ಹೊಟ್ಟೆ ಕೊಯ್ದು ತೆಗೆಯಬೇಕಾಯಿತು. ಹೆಣ್ಣುಮಗು. ತೋರ ತೋಳು, ಗುಂಡು ಕೆನ್ನೆ. ನೋಡಿದವರು "ಎಷ್ಟು ಚಂದ ತುಂಬಿಕೊಂಡಿದೆ" ಎಂದರು. ಸ್ವಲ್ಪ ಹೊತ್ತಿಗೆ ಅದರ ಕೈಕಾಲು ಅದುರಲು ತೊಡಗಿದವು. ದಾದಿಯರು ಎತ್ತಿಕೊಂಡು ಓಡಿದರು. ಮಕ್ಕಳ ಡಾಕ್ಟರು ಹೊರಗೆ ಬಂದು ನನಗೆ ಬಿಡಿಸಿ ಹೇಳಿದರು. ತಾಯಿಯ ಸಕ್ಕರೆ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹೋಗುತ್ತದೆ. ಅದನ್ನು ನಿಭಾಯಿಸಲು ಮಗುವಿನ ಸಣ್ಣ ಗ್ರಂಥಿ ಹೊಟ್ಟೆಯೊಳಗೇ ವಿಪರೀತ ದುಡಿಯಲು ಕಲಿತಿರುತ್ತದೆ. ಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆ ನಿಲ್ಲುತ್ತದೆ, ದುಡಿಮೆ ನಿಲ್ಲುವುದಿಲ್ಲ. ಹಾಗಾಗಿ ಮಗುವಿನ ರಕ್ತದಲ್ಲಿ ಸಕ್ಕರೆಯೇ ಇಲ್ಲದ ಹಾಗಾಗಿದೆ.

ಗಾಜಿನ ಆಚೆ ಆ ಎಳೆಯ ಕೈಗೆ ಸಕ್ಕರೆನೀರನ್ನೇ ಹನಿ ಹನಿಯಾಗಿ ಬಿಡುತ್ತಿದ್ದರು. ಅದನ್ನು ನೋಡುತ್ತಾ ನಾನು ಕೂತೆ. ಅಕ್ಕ ಹೊಲಿಗೆಯ ನೋವಿನಲ್ಲಿ ಗೋಡೆ ಹಿಡಿದುಕೊಂಡು ಬಂದಳು. ಅಂದು ಮೊದಲ ಬಾರಿ ಅವಳು ಅತ್ತದ್ದನ್ನು ಕಂಡೆ. "ನನ್ನ ನಾಲಿಗೆ ಸುಡಬೇಕು" ಎಂದಳು. ಆಗಲೂ ನಾನು ಹೇಳಲಿಲ್ಲ.

ಮಗು ಉಳಿಯಿತು. ಅದುರುವುದು ನಿಂತಿತು, ಎದೆಹಾಲು ಹಿಡಿಯಿತು, ಮನೆಗೆ ಬಂತು. ಎಲ್ಲರೂ ಮರೆತರು.

ಮಗುವಿಗೆ ಮೊದಲ ಅನ್ನ ಉಣಿಸುವ ದಿನ ಕಾರ್ಕಳಕ್ಕೆ ಹೋದೆ. ನಮ್ಮಲ್ಲಿ ಸೋದರಮಾವನ ಮಡಿಲಲ್ಲಿ ಕೂರಿಸಿಯೇ ಉಣಿಸುವುದು. ಅಕ್ಕ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. "ಪಾಯಸಕ್ಕೆ ನಿನ್ನ ಬೆಲ್ಲ ತಂದಿಯಾ?" ಎಂದು ಕೇಳಿದಳು. ತಂದಿರಲಿಲ್ಲ. ಯಾಕೆ ಎಂದಳು. ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಹೇಳಿದೆ. ಸಕ್ಕರೆ ಸುರಿದದ್ದು, ಹೊಗೆಯ ನೆಪ, ಹೊಸ ಮರ.

ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ. ಕೈಯಲ್ಲಿದ್ದ ತೆಂಗಿನ ಕಡಿ ಮುಗಿಸಿ ಚಿಪ್ಪು ಕೆಳಗಿಟ್ಟಳು.

"ಅಷ್ಟು ವರ್ಷ ಕುದಿಸಿದವಳಿಗೆ ಗೊತ್ತಾಗದೆ ಇರ್ತದಾ ಮಾರಾಯ? ಬಾಯಿಗೆ ಇಟ್ಟ ಕೂಡಲೇ ಗೊತ್ತಾಯಿತು."

"ಮತ್ತೆ ಯಾಕೆ ತಿಂದೆ?"

"ಮರದ್ದಾದರೆ ಆಗ್ತದೆ ಅಂತ ನಾನೂ ನಂಬಿದವಳೇ ಅಲ್ವಾ? ಸ್ವಲ್ಪ ಬೆರಕೆ ಉಂಟು, ಹೆಚ್ಚು ಇರಲಿಕ್ಕಿಲ್ಲ ಅಂತ ಎಣಿಸಿದೆ. ಆಸೆಯೂ ಇತ್ತು. ಸುಳ್ಳು ಯಾಕೆ ಹೇಳಲಿ? ಸಕ್ಕರೆ ಹಾಕಿದ್ದಿಯಾ ಅಂತ ಕೇಳಿದರೆ ನೀನು ಹೌದು ಅಂತಿ, ಆಮೇಲೆ ನಾನು ಬಿಡಬೇಕಾಗ್ತದೆ. ಅದಕ್ಕೆ ಕೇಳಲಿಲ್ಲ." ಕೈ ತೊಳೆದುಕೊಂಡಳು. "ಅದು ಇಬ್ಬರದ್ದೂ ಆಯಿತು. ಆದರೆ ಡಾಕ್ಟರ್ ಎದುರು ಒಂದು ಮಾತು ಹೇಳಬಹುದಿತ್ತು ನೀನು. ನಾನು ನಿನ್ನನ್ನು ಬಿಡಿಸಿದೆ, ಹೌದು. ಆದರೂ ನೀನು ಹೇಳ್ತಿ ಅಂತ ಬಸ್ಸು ಕಾಪು ಮುಟ್ಟುವವರೆಗೆ ಕಾದೆ."

ಒಳಗಿನಿಂದ ಯಾರೋ ಮಾವನನ್ನು ಕರೆದರು. "ಹೋಗು. ಅವಳು ಹೆಚ್ಚು ಹೊತ್ತು ಕೂರುವುದಿಲ್ಲ" ಎಂದಳು. ಹೋಗಿ ಕೂತೆ. ಮಗು ನನ್ನ ಮಡಿಲಲ್ಲಿ ಕೂತು ನನ್ನ ಹೆಬ್ಬೆರಳು ಹಿಡಿದುಕೊಂಡು ಅನ್ನ ಉಂಡಿತು.

ಈಗ ನಾನು ಸಕ್ಕರೆ ಬೆರೆಸುವುದಿಲ್ಲ. ಆದಷ್ಟೇ ಮಾಡುತ್ತೇನೆ. ಸಕ್ಕರೆ ಕಾಯಿಲೆಯವರಿಗೆ ಆಗುತ್ತದಾ ಎಂದು ಕೇಳಿದರೆ ಆಗುವುದಿಲ್ಲ ಎನ್ನುತ್ತೇನೆ. "ಹಾಗಾದರೆ ಇದು ಎಂತಕ್ಕೆ?" ಎಂದು ಬೈದು ಹೋದವರಿದ್ದಾರೆ.

ಒಮ್ಮೆ ಸೋತ ಕೋಶಗಳು ಮುಂದೆಯೂ ಸೋಲಬಹುದು, ವರ್ಷಕ್ಕೊಮ್ಮೆ ರಕ್ತ ನೋಡಿಸಿಕೊಳ್ಳಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಪ್ರತಿ ಸಲ ನಾನೇ ಜೊತೆಗೆ ಹೋಗುತ್ತೇನೆ. ಈ ವರ್ಷ ಲೆಕ್ಕ ಗೆರೆ ದಾಟಿತ್ತು. ಮಾತ್ರೆ ಬರೆದರು. ಈ ಬಾರಿ ನಾನು ಬಾಯಿ ತೆರೆದು, ಆಗ ಬೆಲ್ಲ ಕೊಟ್ಟವನು ನಾನು, ಇದು ಅದರಿಂದಲೇ ಆದದ್ದಾ ಎಂದು ಕೇಳಿದೆ. ಆ ಬೆಲ್ಲ ಇಲ್ಲದಿದ್ದರೂ ಬರಬಹುದಿತ್ತು, ಅದು ಹುಟ್ಟಿನಿಂದ ಬಂದ ಕೋಶಗಳ ಶಕ್ತಿ ಎಂದರು. ಮಗುವಿಗೆ ಆದದ್ದರಲ್ಲಿ ಬೆಲ್ಲದ ಪಾಲು ಎಷ್ಟೆಂದು ಕೇಳಿದೆ. ಅದನ್ನು ಯಾರೂ ಹೇಳಲಾರರು ಎಂದರು.

ಹೊರಗೆ ಬಂದಾಗ ಅಕ್ಕ, "ಹಸಿವಾಗ್ತದೆ, ಎಂತಾದರೂ ತಿನ್ನುವ" ಎಂದಳು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಕೂತೆವು. ಅವಳು ಸಕ್ಕರೆ ಇಲ್ಲದ ಚಾ ಹೇಳಿದಳು. ನನಗೂ ಹಾಗೆಯೇ ಎಂದೆ.

"ನಿನಗೆ ಎಂತ ರೋಗ?" ಎಂದಳು.

"ನಾನೂ ಬಿಡ್ತೇನೆ."

"ನೀನು ಬಿಟ್ಟರೆ ನನ್ನದು ಇಳಿಯುವುದಿಲ್ಲ" ಎಂದು ಹೇಳಿ, ಮಾಣಿಯನ್ನು ಮತ್ತೆ ಕರೆದು, "ಇವನಿಗೆ ಸಕ್ಕರೆ ಹಾಕಿ ತನ್ನಿ" ಎಂದಳು.

ಚಾ ಬಂತು. ಅವಳು ಲೋಟವನ್ನು ನನ್ನ ಕಡೆ ಸರಿಸಿ, ಕುಡಿಯುವುದನ್ನೇ ನೋಡುತ್ತಾ ಕೂತಳು. ಕೊನೆಯವರೆಗೆ ಕುಡಿದೆ.